ಬಿಸಿ ಹೋಗುವ ದಾರಿ

ಎಪ್ರಿಲ್ 16, ಬುಧವಾರ. ಬೆಳಿಗ್ಗೆ

ಮತ್ತೆ ಹರಿದು ಹಾಕಿದೆ. ಏಳನೇ ತರಗತಿಯ ಮಕ್ಕಳಿಗೆ 'ಉಷ್ಣ' ಪಾಠದ ಕಿರುಪುಸ್ತಕ. ತಿಂಗಳ ಕೊನೆಗೆ ಬೆಳ್ತಂಗಡಿಯ ಶಿಕ್ಷಣ ಇಲಾಖೆಯ ಆಫೀಸಿಗೆ ಮುಟ್ಟಿಸಬೇಕು. ರಜೆಯಲ್ಲಿ ಈ ಶಿಕ್ಷೆ ನನಗೇ ಯಾಕೆ ಅಂದರೆ ನನ್ನ ಕನ್ನಡ ಚಂದವಂತೆ. ಸರಳವಾಗಿರಬೇಕು, ಮನೆಯ ಉದಾಹರಣೆ ಬೇಕು, ಉದ್ದ ಆಗಬಾರದು. ಸರಳವಾಗಿ ಬರೆಯುವುದು ಎಷ್ಟು ಕಷ್ಟ ಅಂತ ಆಫೀಸಿನವರಿಗೆ ಯಾರು ಹೇಳುವುದು.

ಮೊದಲ ವಾಕ್ಯ ಕಡೆಗೂ ಸಿಕ್ಕಿತು. "ಬಿಸಿ ಯಾವಾಗಲೂ ಹೆಚ್ಚು ಬಿಸಿ ಇರುವಲ್ಲಿಂದ ಕಡಿಮೆ ಬಿಸಿ ಇರುವಲ್ಲಿಗೆ ಹೋಗುತ್ತದೆ. ಎರಡೂ ಸಮ ಆಗುವವರೆಗೆ ಹೋಗುತ್ತಲೇ ಇರುತ್ತದೆ." ಇಷ್ಟು ಗೊತ್ತಾದರೆ ಮುಕ್ಕಾಲು ಪಾಠ ಮುಗಿದ ಹಾಗೆ.

ಪ್ರಯೋಗಕ್ಕೆ ವಿಸ್ಮಿತಾ ಸಿಕ್ಕಿದ್ದಾಳೆ. ತಂಗಿ ಅನಿಷಾಳ ಮಗಳು. ಜೂನ್‌ಗೆ ಏಳನೇ ಕ್ಲಾಸು. ತಾಯಿ ಮಗಳು ಮೂಡುಬಿದಿರೆಯಿಂದ ಇಲ್ಲಿಗೆ, ಗುರುವಾಯನಕೆರೆಯ ನಮ್ಮ ಮನೆಗೆ, ರಜೆ ಕಳೆಯಲು ಬಂದಿದ್ದಾರೆ. ಅನಿಷಾಳ ಗಂಡ ಶಶಿರಾಜ್ ಒಮಾನಿನಲ್ಲಿ. ಮರಳುಗಾಡಿನ ಒಳಗೆ ಎಲ್ಲೋ ಪೈಪ್‌ಲೈನ್ ಸೈಟು. ಫೋನ್ ಸಿಕ್ಕಿದರೆ ಸಿಕ್ಕಿತು.

ಸ್ಟೀಲಿನ ಸಟ್ಟುಗದ ಹಿಡಿಯುದ್ದಕ್ಕೂ ಫ್ರಿಜ್ಜಿನ ಗಟ್ಟಿ ತುಪ್ಪ ಮೆತ್ತಿ ಕಡಲೆ ಅಂಟಿಸಿದೆವು. ಒಂದು ತುದಿ ಗ್ಯಾಸಿನ ಉರಿಗೆ. ಉರಿಯ ಹತ್ತಿರದ ಕಡಲೆ ಮೊದಲು ಬಿತ್ತು, ಆಮೇಲೆ ಪಕ್ಕದ್ದು, ಆಮೇಲೆ ಅದರ ಪಕ್ಕದ್ದು. ಸ್ಟೀಲು ಇದ್ದಲ್ಲೇ ಇತ್ತು, ಬಿಸಿ ಮಾತ್ರ ಕೈಯಿಂದ ಕೈಗೆ ದಾಟಿತು. ಇದು ವಹನ. ಅಮ್ಮನಿಗೆ ವಹನ ಬೇಕಾಗಿಲ್ಲ, ತುಪ್ಪ ಹಾಳಾಯಿತು ಅಷ್ಟೆ. ಬಿದ್ದ ಕಡಲೆಯನ್ನು ಅನಿಷಾ ಹೆಕ್ಕಿ ತಿಂದಳು. ವಿಜ್ಞಾನ ರುಚಿ ಉಂಟು ಅಂದಳು.

ಸ್ಟೀಲಿನ ಬಟ್ಟಲು ಮುಟ್ಟಿದರೆ ತಂಪು, ಮರದ ಮಣೆ ಮುಟ್ಟಿದರೆ ಅಷ್ಟಿಲ್ಲ. ಎರಡೂ ಒಂದೇ ಕೋಣೆಯಲ್ಲಿವೆ. ಬಟ್ಟಲಿಗೆ ತಂಪು ಎಲ್ಲಿಂದ ಬಂತು ಅಂತ ವಿಸ್ಮಿತಾ ಕೇಳಿದಳು. ಒಳ್ಳೆಯ ಪ್ರಶ್ನೆ. ತಂಪು ಅಂತ ಒಂದು ವಸ್ತು ಇಲ್ಲ ಮಗಾ, ಅದು ಎಲ್ಲಿಂದಲೂ ಬರುವುದಿಲ್ಲ. ನಿನ್ನ ಬೆರಳಿನ ಬಿಸಿಯನ್ನು ಬಟ್ಟಲು ಬೇಗ ಎಳೆದುಕೊಳ್ಳುತ್ತದೆ, ಮಣೆ ನಿಧಾನ. ಹೋಗುವ ಬಿಸಿಗೆ ನಾವು ತಂಪು ಅಂತ ಹೆಸರಿಟ್ಟಿದ್ದೇವೆ. ಬರೆದುಕೊಂಡೆ. ಇದು ಪುಸ್ತಕಕ್ಕೆ.


ಎಪ್ರಿಲ್ 18, ಶುಕ್ರವಾರ. ಸಂಜೆ

ಸೆಖೆ. ಟೆರೇಸಿನ ಕಾಂಕ್ರೀಟು ಹಗಲಿಡೀ ಕುಡಿದ ಬಿಸಿಲನ್ನು ಈಗ ನಮ್ಮ ತಲೆಯ ಮೇಲೆ ಕಾರುತ್ತಿದೆ.

ವಿಸ್ಮಿತಾಳನ್ನು ಪಡುವಣ ಗೋಡೆಯ ಹೊರಗೆ ನಿಲ್ಲಿಸಿದೆ. ಗೋಡೆ ಮುಟ್ಟಬೇಡ, ಅಂಗೈ ಹತ್ತಿರ ಹಿಡಿ ಅಷ್ಟೆ. ಬಿಸಿ ಗೊತ್ತಾಯಿತು. ಮುಟ್ಟದೆ, ಗಾಳಿಯ ಹಂಗೂ ಇಲ್ಲದೆ ಬರುವ ಬಿಸಿ. ಸೂರ್ಯನಿಂದ ನಮಗೆ ಬರುವುದೂ ಹೀಗೇ. ವಿಕಿರಣ. ಅವಳಿಗೆ ಇದು ಬಹಳ ಹಿಡಿಸಿತು. ಮನೆಯೊಳಗೆಲ್ಲ ಅಂಗೈ ಚಾಚಿಕೊಂಡು ತಿರುಗಿದಳು. ಫ್ರಿಜ್ಜಿನ ಹಿಂದೆ, ಬಲ್ಬಿನ ಕೆಳಗೆ, ಸೋಫಾದಲ್ಲಿ ಮಲಗಿದ್ದ ಅವಳಮ್ಮನ ಮುಖದ ಹತ್ತಿರ.

"ದೊಡ್ಡಮ್ಮ, ಅಮ್ಮನದ್ದೂ ಗೋಡೆ ಹಾಗೇ ಉಂಟು."

ಹೋಗಿ ನೋಡಿದರೆ ಹೌದು. ಕೆಂಡ. ಅನಿಷಾ ಮಧ್ಯಾಹ್ನದಿಂದ ಮೈಕೈ ನೋವು ಅನ್ನುತ್ತಿದ್ದಳು, ಯಾರೂ ಲಕ್ಷ್ಯ ಕೊಡಲಿಲ್ಲ.

ಅಮ್ಮ ಕೂಡಲೇ ಕಂಬಳಿ ತಂದು ಹೊದೆಸಿದಳು. ಬೆವರು ಬಂದರೆ ಜ್ವರ ಬಿಡುತ್ತದಂತೆ. ನಾನು ಎಳೆದು ತೆಗೆದೆ. ಕಂಬಳಿ ಬಿಸಿಯನ್ನು ಹಿಡಿದಿಡುತ್ತದೆ, ಹೊರಗೆ ಹೋಗಲು ಬಿಡುವುದಿಲ್ಲ, ಜ್ವರದವರಿಗೆ ಹೊದೆಸಬಾರದು ಅಂತ ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ. ಅಮ್ಮ ಮುಖ ಊದಿಸಿ ಒಳಗೆ ಹೋದಳು. ಒದ್ದೆ ಬಟ್ಟೆಯಲ್ಲಿ ಮೈ ಒರೆಸಿದೆ. ನೀರು ಆರುವಾಗ ಬಿಸಿಯನ್ನೂ ಹೊತ್ತುಕೊಂಡು ಹೋಗುತ್ತದೆ. ಅಮ್ಮ ಮತ್ತೆ ಬಂದು ಅಡಿಕೆ ಹಾಳೆಯ ಬೀಸಣಿಗೆಯಲ್ಲಿ ಗಾಳಿ ಹಾಕುತ್ತಾ ಕೂತಳು. ಅದು ಸರಿ, ಹಾಕು ಅಂದೆ.


ಎಪ್ರಿಲ್ 20, ಭಾನುವಾರ

ರಕ್ತಪರೀಕ್ಷೆ ಆಯಿತು. ಡೆಂಗಿ. ಡಾಕ್ಟರು ಹೆದರಬೇಡಿ ಅಂದರು. ನೀರು, ಗಂಜಿ, ಮಾತ್ರೆ.

ಪುಸ್ತಕ ಒಂದಕ್ಷರ ಮುಂದೆ ಹೋಗಿಲ್ಲ.


ಎಪ್ರಿಲ್ 22, ಮಂಗಳವಾರ. ಬೆಳಿಗ್ಗೆ

ಜ್ವರ ಬಿಟ್ಟಿತು! ಥರ್ಮಾಮೀಟರ್ ನಾರ್ಮಲ್. ಕೈಕಾಲು ತಣ್ಣಗಾಗಿವೆ. ಅಮ್ಮ ದೇವರ ಕೋಣೆಗೆ ಹೋಗಿ ಬಂದಳು. ನಾನು ಮೊದಲ ಸಲ ಹೊಟ್ಟೆ ತುಂಬಾ ತಿಂಡಿ ತಿಂದೆ. ಅನಿಷಾ ಮಾತ್ರ ಸುಸ್ತು ಅನ್ನುತ್ತಾಳೆ. ಹೊಟ್ಟೆ ನೋವಂತೆ. ನಾಲ್ಕು ದಿನ ಬೆಂದವಳಿಗೆ ಸುಸ್ತಾಗದೆ ಇರುತ್ತದಾ.

ಇವತ್ತು ಪುಸ್ತಕಕ್ಕೆ ಕೂರಬಹುದು. ಸಂವಹನ ಬಾಕಿ. ನೀರಿಗೆ ಚಹಾಪುಡಿ ಹಾಕಿ ಬಿಸಿ ಮಾಡಿ, ಪುಡಿ ಮೇಲೆ ಹೋಗಿ ಕೆಳಗೆ ಇಳಿಯುವುದನ್ನು ತೋರಿಸುವುದು. ಬಿಸಿಯಾದ ನೀರು ಹಗುರ, ಮೇಲೆ ಏರುತ್ತದೆ. ತಣ್ಣಗಿನದ್ದು ಭಾರ, ಕೆಳಗೆ. ಗಾಳಿಯೂ ಹಾಗೇ.


ಎಪ್ರಿಲ್ 23, ಬುಧವಾರ. ಮಂಗಳೂರು, ಆಸ್ಪತ್ರೆ

ತಪ್ಪಾಯಿತು. ಅನಿಷಾ ಐಸಿಯುವಿನಲ್ಲಿದ್ದಾಳೆ. ಜ್ವರ ಇಳಿದ ಮೇಲೆಯೇ ಡೆಂಗಿಯ ಅಪಾಯ ಶುರುವಾಗುವುದಂತೆ. ಆ ತಣ್ಣಗಿನ ಕೈಕಾಲು ಗುಣವಾದದ್ದಲ್ಲ. ರಕ್ತವೇ ಕೈಕಾಲಿನವರೆಗೆ ಹೋಗುತ್ತಿರಲಿಲ್ಲ. ಮೈಯ ಬಿಸಿಯನ್ನು ಎಲ್ಲ ಕಡೆ ಹಂಚುವುದು ರಕ್ತ, ಅದು ನಿಂತಲ್ಲಿಗೆ ಬಿಸಿಯೂ ಬರುವುದಿಲ್ಲ ಅಂತ ಐಸಿಯುವಿನ ಹುಡುಗಿ ಡಾಕ್ಟರ್ ಬಹಳ ತಾಳ್ಮೆಯಿಂದ ವಿವರಿಸಿದಳು. ನಾನು ವಿಜ್ಞಾನದ ಟೀಚರ್ ಅಂತ ಅವಳಿಗೆ ಹೇಳಲಿಲ್ಲ.

ಶಶಿರಾಜ್ ಫೋನಿಗೆ ಸಿಗುತ್ತಿಲ್ಲ. ಕಂಪೆನಿಯ ಆಫೀಸಿಗೆ ಹೇಳಿದ್ದೇನೆ.


ಎಪ್ರಿಲ್ 25, ಶುಕ್ರವಾರ. ಮಧ್ಯಾಹ್ನ 3

ಅನಿಷಾ ಹೋದಳು. ಬೆಳಿಗ್ಗೆ.

ಬರೆಯದಿದ್ದರೆ ಯಾರನ್ನಾದರೂ ಬೈದುಬಿಡುತ್ತೇನೆ. ಅದಕ್ಕೆ ಬರೆಯುತ್ತಿದ್ದೇನೆ.

ಆಸ್ಪತ್ರೆಯ ಶವಾಗಾರದಲ್ಲಿ ಬಿಡಲು ಅಮ್ಮ ಒಪ್ಪಲಿಲ್ಲ. ಮಗಳು ಮನೆಗೆ ಬರಬೇಕು. ಶಶಿರಾಜ್ ಕೊನೆಗೂ ಸಿಕ್ಕಿದ. ಸೈಟಿನಿಂದ ಮಸ್ಕತ್‌ಗೆ ರಸ್ತೆಯಲ್ಲೇ ಒಂದು ದಿನ. ನಾಳೆ ಸಂಜೆಯೊಳಗೆ ಇಲ್ಲಿ. ಫೋನಿನಲ್ಲಿ ಅಳಲಿಲ್ಲ. ಒಂದೇ ಮಾತು ಕೇಳಿದ.

"ಅಕ್ಕ, ಅವಳ ಮುಖ ಒಂದು ನೋಡ್ಬೇಕು ನನಗೆ. ನಾನು ಬರುವವರೆಗೆ ಇಡ್ತೀರಾ?"

ಇಡ್ತೇನೆ ಅಂದೆ. ಮಾತು ಕೊಟ್ಟಾಗಿದೆ.

ಮೂಡುಬಿದಿರೆಯಿಂದ ರವಿರಾಜ ಮಾವ ಬಂದರು. ಅಮ್ಮನ ಅಣ್ಣ, ಬಸದಿಯ ಕೆಲಸ ನೋಡಿಕೊಳ್ಳುವವರು, ಈ ಮನೆಯಲ್ಲಿ ಕೊನೆಯ ಮಾತು ಅವರದ್ದು. ಇಡಬಾರದು ಅಂದರು. ಜೀವ ಹೋದ ದೇಹದಲ್ಲಿ ಸ್ವಲ್ಪ ಹೊತ್ತಿಗೇ ಕಣ್ಣಿಗೆ ಕಾಣದ ಜೀವಿಗಳು ಹುಟ್ಟಲು ಶುರು, ಇಟ್ಟಷ್ಟು ಹೊತ್ತು ಹೆಚ್ಚು ಹುಟ್ಟುತ್ತವೆ, ಆಮೇಲೆ ಸುಡುವಾಗ ಅಷ್ಟೂ ಹಿಂಸೆ. ನಾವು ಜೈನರು ಹೆಣ ಇಟ್ಟುಕೊಂಡು ಯಾರಿಗೂ ಕಾಯುವುದಿಲ್ಲ. ಅದು ನನಗೂ ಗೊತ್ತು. ಅಜ್ಜ ಸತ್ತಾಗ ದೂರದ ನೆಂಟರು ಬರುವ ಮೊದಲೇ ಬೂದಿಯಾಗಿದ್ದರು. ಮಾವನ ಮೇಲೆ ಸಿಟ್ಟು ಬಂತು, ಅವರು ಹೇಳಿದ್ದರಲ್ಲಿ ಸುಳ್ಳೇನೂ ಇಲ್ಲ ಅಂತ ಇನ್ನೂ ಸಿಟ್ಟು ಬಂತು. ಕೊನೆಗೆ ಅಮ್ಮನೇ ಅಣ್ಣನ ಕಾಲಿನ ಹತ್ತಿರ ಕೂತಳು. ನಾಳೆ ಸೂರ್ಯ ಮುಳುಗುವ ಮೊದಲು, ಅವನು ಬರಲಿ ಬಾರದಿರಲಿ, ಅಂತ ಮಾವ ಒಪ್ಪಿದರು.

ಗುರುವಪ್ಪ ಅನ್ನುವವರು ಬಾಡಿಗೆಗೆ ಕೊಡುವ ಫ್ರೀಜರ್ ಬಾಕ್ಸು ಬಂತು. ಹೊರಗಿನ ದೊಡ್ಡ ಕೋಣೆಯ ಮಧ್ಯದಲ್ಲಿದೆ. ಮೇಲೆ ಗಾಜಿನ ಮುಚ್ಚಳ, ಕಾಲಿನ ಕಡೆ ಮಿಷನ್ನು. ಫ್ರಿಜ್ಜಿನ ಹಾಗೆಯೇ, ಒಳಗಿನ ಬಿಸಿಯನ್ನು ಎಳೆದು ಹೊರಗೆ ಊದುತ್ತದೆ.

ವಿಸ್ಮಿತಾ ನನ್ನ ಪಕ್ಕ ಬಂದು ಕೂತಳು. ಅಂಬುಲೆನ್ಸಿನಲ್ಲಿ ತನ್ನ ಅಮ್ಮನ ಕೈ ಸ್ವಲ್ಪ ಬೆಚ್ಚಗಿತ್ತು, ಈಗ ಇಲ್ಲ ಅಂದಳು.

"ಅಮ್ಮನ ಬಿಸಿ ಎಲ್ಲಿಗೆ ಹೋಯಿತು ದೊಡ್ಡಮ್ಮ?"

ಬೇರೆ ಯಾರಾದರೂ ದೇವರ ಹತ್ತಿರ ಅನ್ನುತ್ತಿದ್ದರು. ನನಗೆ ಆಗಲಿಲ್ಲ. ಇದ್ದದ್ದು ಹೇಳಿದೆ. ಆಸ್ಪತ್ರೆಯ ಹಾಸಿಗೆಗೆ ಹೋಯಿತು. ಹೊದೆಸಿದ ಬಟ್ಟೆಗೆ. ಅಂಬುಲೆನ್ಸಿನ ಗಾಳಿಗೆ. ದಾರಿಯುದ್ದಕ್ಕೂ ನಾನು ಅವಳ ಕೈ ಹಿಡಿದುಕೊಂಡಿದ್ದೆ, ನನ್ನ ಕೈಗೂ ಬಂದಿರುತ್ತದೆ. ಬಿಸಿ ಇಲ್ಲದಾಗುವುದಿಲ್ಲ ಮಗಾ, ಚದುರಿ ಹೋಗುತ್ತದೆ ಅಷ್ಟೆ. ಅವಳು ನನ್ನ ಬಲಗೈಯನ್ನು ಎರಡೂ ಕೈಯಲ್ಲಿ ಹಿಡಿದು ಕೂತಳು. ಆಗ ಅಳು ಬಂತು ನನಗೆ, ಬೆಳಿಗ್ಗೆಯಿಂದ ಮೊದಲ ಸಲ.


ಅದೇ ದಿನ. ಸಂಜೆ 7.30

ಗಾಳಿ, ಗುಡುಗು, ಆಮೇಲೆ ಮಳೆ. ಬಂಟ್ವಾಳ ರಸ್ತೆಯಲ್ಲಿ ಮರ ಬಿದ್ದು ಕಂಬಗಳು ಮುರಿದಿವೆಯಂತೆ. ಕರೆಂಟ್ ನಾಳೆಯವರೆಗೂ ಸಂಶಯ. ಮನೆಯ ಇನ್ವರ್ಟರ್ ಬಾಕ್ಸಿನ ಮಿಷನ್ನನ್ನು ಎಳೆಯುವುದಿಲ್ಲ. ಗುರುವಪ್ಪನವರಿಗೆ ಫೋನ್ ಮಾಡಿದೆ. ಅವರ ಜನರೇಟರ್ ಒಂದು ಮದುವೆಗೆ ಹೋಗಿದೆ. ಮೆಲ್ಕಾರಿನವರೆಗೂ ಕೇಳಿದೆ, ಎಲ್ಲರದ್ದೂ ಮದುವೆಗೇ ಹೋಗಿವೆ. ಮುಚ್ಚಳ ತೆರೆಯಬೇಡಿ, ತೆರೆಯದಿದ್ದರೆ ನಾಳೆ ಮಧ್ಯಾಹ್ನದವರೆಗೆ ತೊಂದರೆ ಇಲ್ಲ ಅಂತ ಗುರುವಪ್ಪನವರು ಅಂದರು.

ಹಾಗಾದರೆ ಬಿಸಿಯನ್ನು ಒಳಗೆ ಬಿಡದಿರುವುದೇ ದಾರಿ. ಮನೆಯಲ್ಲಿದ್ದ ಕಂಬಳಿ, ರಗ್ಗು, ಹತ್ತಿಯ ಹಾಸಿಗೆ ಎಲ್ಲ ತಂದು ಬಾಕ್ಸಿನ ಸುತ್ತ ಸುತ್ತಿದೆ, ಗಾಜಿನ ಮೇಲೂ ಹಾಕಿದೆ. ಅಮ್ಮ ಬಾಗಿಲಲ್ಲಿ ನಿಂತು ನೋಡಿದಳು. ಅವಳಿಗೆ ಬಿಡಿಸಿ ಹೇಳಬೇಕಿತ್ತು. ಆಯಾಸಕ್ಕೆ ಬಾಯಿ ಏಳಲಿಲ್ಲ.


ಎಪ್ರಿಲ್ 26, ಶನಿವಾರ. ಬೆಳಿಗ್ಗೆ 6

ವಿಸ್ಮಿತಾ ನನ್ನನ್ನು ಅಲುಗಾಡಿಸಿ ಎಬ್ಬಿಸಿದಳು. ಗಟ್ಟಿಯಾಗಿ ಮಾತಾಡಲಿಲ್ಲ.

"ಅಜ್ಜಿ ಮುಚ್ಚಳ ತೆಗೆದು ಗಾಳಿ ಹಾಕ್ತಾ ಇದ್ದಾರೆ. ಹೊರಗಿನದ್ದು ಬಿಸಿ ಗಾಳಿ ಅಲ್ವಾ ದೊಡ್ಡಮ್ಮ? ಅದೆಲ್ಲ ಒಳಗೆ ಹೋಗ್ತದಲ್ಲ?"

ಕಂಬಳಿಗಳೆಲ್ಲ ಮಡಚಿ ಬದಿಗೆ ಇಟ್ಟಿದ್ದವು. ಅಮ್ಮ ಗಾಜಿನ ಮುಚ್ಚಳವನ್ನು ಗೋಡೆಗೆ ಒರಗಿಸಿ, ಮಣೆ ಹಾಕಿ ಕೂತು, ಅನಿಷಾಳ ಮುಖಕ್ಕೆ ಗಾಳಿ ಹಾಕುತ್ತಿದ್ದಳು. ಬಾಯಲ್ಲಿ ಪಂಚನಮಸ್ಕಾರ ಮಂತ್ರ. ಯಾವಾಗಿನಿಂದ ಅಂತ ಕೇಳಿದೆ. ನಡುರಾತ್ರಿ ಎಚ್ಚರವಾಯಿತು, ಮತ್ತೆ ನಿದ್ದೆ ಬರಲಿಲ್ಲ, ಆಗಿನಿಂದ ಅಂದಳು.

"ಕಂಬಳಿ ಬಿಸಿ ಹಿಡಿದಿಡ್ತದೆ ಅಂತ ನೀನೇ ಅಲ್ವಾ ಹೇಳಿದ್ದು? ಜ್ವರದಲ್ಲಿ ಬೆಂದದ್ದು ಸಾಲದಾ ಅವಳಿಗೆ? ಈ ಸೆಖೆಗೆ ಮೇಲೆ ಇಷ್ಟು ಕಂಬಳಿ ಹೇರಿದ್ದಿ."

ನನ್ನದೇ ಪಾಠ. ಅಕ್ಷರ ತಪ್ಪದೆ ಒಪ್ಪಿಸಿದಳು. ಕಂಬಳಿಗೆ ಬಿಸಿ ಹುಟ್ಟಿಸಲು ಬರುವುದಿಲ್ಲ, ಅದು ದಾರಿಗೆ ಅಡ್ಡ ನಿಲ್ಲುವುದಷ್ಟೆ. ಒಳಗೆ ಬಿಸಿ ಇದ್ದರೆ ಹೊರಗೆ ಬಿಡುವುದಿಲ್ಲ, ಒಳಗೆ ತಂಪಿದ್ದರೆ ಹೊರಗಿನ ಬಿಸಿಯನ್ನು ಒಳಗೆ ಬಿಡುವುದಿಲ್ಲ. ಹೇಳಬೇಕಾದ ಅರ್ಧ ಮಾತನ್ನು ಮಾತ್ರ ಅವತ್ತು ಹೇಳಿದ್ದೆ. ಮತ್ತೆ ಆ ಬೀಸಣಿಗೆ. ತಣ್ಣಗಿನ ಗಾಳಿ ಭಾರ, ಅದರಷ್ಟಕ್ಕೆ ಬಿಟ್ಟರೆ ತೆರೆದ ಪೆಟ್ಟಿಗೆಯ ತಳದಲ್ಲೂ ಸ್ವಲ್ಪ ಹೊತ್ತು ಕೂತಿರುತ್ತದೆ. ಬೀಸಿದರೆ ಕೂರುವುದಿಲ್ಲ. ಬದುಕಿದವರ ಬೆವರಿಗೆ ಗಾಳಿ ತಂಪು. ಅನಿಷಾಳಿಗೆ ಬೆವರು ಎಲ್ಲಿಂದ ಬರಬೇಕು. ಅಮ್ಮ ಬೀಸಿದಷ್ಟೂ ಕೋಣೆಯ ಸೆಖೆಯನ್ನು ಮಗಳ ಮುಖಕ್ಕೆ ಮೊಗೆದು ಹಾಕಿದ್ದಾಳೆ.

ಹೇಳಲಿಲ್ಲ. ಬೀಸಣಿಗೆ ಅವಳ ಕೈಯಿಂದ ತೆಗೆದುಕೊಂಡೆ. ಮುಚ್ಚಳ ಹಾಕಿದೆ. ವಿಸ್ಮಿತಾ ಒಂದು ತುದಿ ಹಿಡಿದಳು. ಕಂಬಳಿ ಮತ್ತೆ ಹೊದೆಸಿದೆವು. ಒಳಗೆ ಈಗ ಹಿಡಿದಿಡಲು ತಂಪು ಉಳಿದಿಲ್ಲ.

ಹನೀಫಾನಿಗೆ ಫೋನ್ ಮಾಡಿದೆ. ಬಂಟ್ವಾಳದಲ್ಲಿ ನನ್ನ ಹಳೆಯ ವಿದ್ಯಾರ್ಥಿ. ಮೀನಿನ ವ್ಯಾಪಾರ. ಐಸ್ ಬೇಕು ಅಂದೆ. ಯಾಕೆ ಅಂತ ಹೇಳಿದೆ. ಬರ್ತೇನೆ ಟೀಚರ್ ಅಂದ.


ಅದೇ ದಿನ. 11 ಗಂಟೆ

ಹನೀಫಾ ಪಿಕಪ್ಪಿನಲ್ಲಿ ಐಸ್ ತುಂಬಿಸಿಕೊಂಡು ಎಂಟಕ್ಕೇ ಬಂದ. ಥರ್ಮಾಕೋಲಿನ ಪೆಟ್ಟಿಗೆಗಳು. ಪೆಟ್ಟಿಗೆ ಹೊಸತು, ಮೀನು ಮುಟ್ಟಿಸಿದ್ದಲ್ಲ ಅಂತ ಅವನಾಗಿಯೇ ಹೇಳಿದ. ಆದರೆ ಪಿಕಪ್ಪಿಗೆ ವಾಸನೆ ಇತ್ತು. ಐಸೂ ಮೀನಿನವರಿಗೆ ಮಾಡುವ ಐಸೇ.

ಗೇಟಿನಲ್ಲಿ ಮಾವ ನಿಂತರು. ಹನೀಫಾನಿಗೆ ಕೈ ಮುಗಿದರು, ಬೈಯಲಿಲ್ಲ. ಹುಟ್ಟಿದಾಗಿನಿಂದ ಮೊಟ್ಟೆಯನ್ನೂ ಮುಟ್ಟದ ಹುಡುಗಿ, ಅವಳನ್ನು ಕೊನೆಗೆ ಮೀನಿನ ಐಸಿನಲ್ಲಿ ಮಲಗಿಸುವುದು ಬೇಡ ಅಂದರು. ನಾನು ಜಗಳ ಮಾಡಬೇಕಿತ್ತು. ಮಾಡಿದೆ ಕೂಡ, ಅರ್ಧ ಮನಸ್ಸಿನಿಂದ. ಆ ವಾಸನೆಗೆ ನಾನೂ ಸೆರಗನ್ನು ಮೂಗಿಗೆ ಹಿಡಿದಿದ್ದೆ. ಓದಿದ್ದೆಲ್ಲ ತಲೆಯಲ್ಲಿ, ಮೂಗು ಮಾತ್ರ ಹುಟ್ಟಿದ ಮನೆಯದ್ದು.

ಹನೀಫಾ ವಾಪಸು ಹೋಗಲಿಲ್ಲ. ಮಾವಿನ ಮರದ ನೆರಳಿಗೆ ಪಿಕಪ್ಪು ಹಾಕಿ, ಪೆಟ್ಟಿಗೆಗಳ ಮೇಲೆ ಗೋಣಿ ಮುಚ್ಚಿ ಕೂತ. ರಸ್ತೆಗೆ ನೀರು ಇಳಿಯುತ್ತಿತ್ತು. ಕರಗುವವರೆಗೂ ಐಸು ಸುತ್ತಲಿನ ಬಿಸಿಯನ್ನು ನುಂಗುತ್ತದೆ, ತಾನು ಒಂದಿಷ್ಟೂ ಬಿಸಿಯಾಗದೆ. ಅಷ್ಟೂ ನುಂಗುವ ಶಕ್ತಿ ಡಾಮರಿಗೆ ಹರಿಯಿತು.

ಹತ್ತು ಗಂಟೆಗೆ ಅಮ್ಮ ಎದ್ದು ಗಾಜಿನ ಹತ್ತಿರ ಹೋಗಿ ಕಂಬಳಿ ಸರಿಸಿ ನೋಡಿದಳು. ಅವಳು ಕಂಡದ್ದನ್ನು ನಾನೂ ಕಂಡೆ. ಕತ್ತಿನ ಬಳಿ ಬಣ್ಣ ತಿರುಗಿತ್ತು. ಅಮ್ಮ ನೇರ ಗೇಟಿಗೆ ನಡೆದಳು. ಅಣ್ಣನ ಎದುರು ಅವಳು ದನಿ ಎತ್ತಿದ್ದು ನಾನು ನೋಡಿದ್ದೇ ಇಲ್ಲ. ಇವತ್ತೂ ಎತ್ತಲಿಲ್ಲ.

"ಪಾಪ ಬಂದ್ರೆ ನನಗೆ ಬರಲಿ ಅಣ್ಣ. ಅವಳ ಗಂಡ ಅವಳ ಮುಖ ನೋಡ್ಬೇಕು. ಒಳಗೆ ತಕೊಂಡು ಬಾ ಮಗಾ."

ಮಾವ ಗೇಟು ಬಿಟ್ಟು ಸರಿದರು. ಹನೀಫಾ ಉಳಿದ ಐಸನ್ನು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿಕೊಟ್ಟ. ಅಮ್ಮನೇ ತನ್ನ ಕೈಯಲ್ಲಿ ಮಗಳ ಎರಡು ಬದಿಗೂ, ತಲೆಯ ಸುತ್ತಲೂ ಇಟ್ಟಳು. ಸಾಲಲಿಲ್ಲ. ಇನ್ನೊಂದು ಲೋಡು ತರುತ್ತೇನೆ ಅಂತ ಹೋಗಿದ್ದಾನೆ. ಮರ ಇನ್ನೂ ರಸ್ತೆಗೆ ಅಡ್ಡ ಉಂಟು, ಸುತ್ತು ಹೊಡೆದು ಬರಬೇಕು.


ಎಪ್ರಿಲ್ 27, ಭಾನುವಾರ

ಮುಗಿಯಿತು.

ನಿನ್ನೆ ವಿಮಾನ ತಡ. ಶಶಿರಾಜ್ ಬಂದಾಗ ಸೂರ್ಯ ತೆಂಗಿನ ತಲೆಗೆ ಇಳಿದಿದ್ದ. ಮಾವ ಕಾದರು, ಅದನ್ನು ಬರೆಯಲೇಬೇಕು. ಎರಡು ಸಲ ವಾಚು ನೋಡಿ ಎರಡು ಸಲವೂ ತಲೆ ತಿರುಗಿಸಿಕೊಂಡರು.

ಎರಡನೇ ಲೋಡು ಐಸು ಬರುವಷ್ಟರಲ್ಲಿ ತಡವಾಗಿತ್ತು. ಮೂರು ಗಂಟೆಗೇ ನಾನು ಅವಳ ಮುಖಕ್ಕೆ ಬಿಳಿ ಬಟ್ಟೆ ಮುಚ್ಚಿದ್ದೆ. ಊದಿತ್ತು. ಅದು ಅನಿಷಾ ಅಂತ ಹೇಳುವ ಹಾಗಿರಲಿಲ್ಲ.

ಶಶಿರಾಜ್ ಬ್ಯಾಗು ಅಂಗಳದಲ್ಲೇ ಬಿಟ್ಟು ಬಂದ. ಬಟ್ಟೆಗೆ ಕೈ ಹಾಕಿದ. ಬೇಡ ಶಶಿ, ಅಂದೆ. ನನ್ನ ಮುಖ ನೋಡಿದ. ಅವನಿಗೆ ಅರ್ಥವಾಯಿತು. ಅವಳ ಪಾದದ ಹತ್ತಿರ ಹೋಗಿ ಕೂತ. ಪಾದ ಹಾಗೇ ಇತ್ತು. ಗೋರಂಟಿಯ ಬಣ್ಣ ಕೂಡ ಹಾಗೇ. ಅದನ್ನು ನೋಡುತ್ತಾ ಕೂತಿದ್ದ. ಎರಡು ವರ್ಷ ದೂರವಿದ್ದು ಬಂದವನಿಗೆ ನಾನು ತೋರಿಸಲಾದದ್ದು ಅಷ್ಟೇ. ಇಡ್ತೇನೆ ಅಂದಿದ್ದೆ. ನನ್ನಿಂದ ಆಗಲಿಲ್ಲ.


ಎಪ್ರಿಲ್ 29, ಮಂಗಳವಾರ. ಬೆಳಿಗ್ಗೆ

ಆಫೀಸಿನಿಂದ ಫೋನು. ಪುಸ್ತಕ ಆಯಿತಾ ಅಂತ. ಸುದ್ದಿ ಗೊತ್ತಿರಲಿಲ್ಲ ಅವರಿಗೆ. ಹೇಳಿದ ಮೇಲೆ ಪಾಪ, ಸಾರಿ ಟೀಚರ್, ನಿಧಾನಕ್ಕೆ ಕೊಡಿ ಅಂದರು.

ಗುರುವಪ್ಪನವರು ಬಾಕ್ಸು ಕೊಂಡುಹೋಗಲು ಬಂದಿದ್ದರು. ಒಳ್ಳೆಯ ಮನುಷ್ಯ. ಕರೆಂಟ್ ಹೋದದ್ದಕ್ಕೆ ತನ್ನದೇ ತಪ್ಪು ಅನ್ನುವ ಹಾಗೆ ನಿಂತಿದ್ದರು. ಮುಚ್ಚಳ ಹಾಕಿಯೇ ಇದ್ದರೆ ಅಷ್ಟು ಬೇಗ ಹಾಗೆ ಆಗುವುದಿಲ್ಲ, ಹೇಗಾಯಿತೋ ಅಂತ ಶಶಿರಾಜ್ ಹತ್ತಿರ ಹೇಳಿದರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಬಾಕ್ಸು ಹೋಯಿತು. ಶಶಿರಾಜ್ ಒಳಗೆ ಬಂದು ಊಟದ ಮೇಜಿನ ಹತ್ತಿರ ಕೂತ. ಕೇಳಿದ, ಹೇಗಾಯಿತು ಅಕ್ಕ ಅಂತ. ದೂರುವ ದನಿಯಲ್ಲ. ಗೊತ್ತಾಗಬೇಕು ಅನ್ನುವ ದನಿ.

ನಾನು ಬಾಯಿ ತೆರೆಯುವ ಮೊದಲು ಅಡುಗೆಮನೆಯ ಬಾಗಿಲಲ್ಲಿ ಅಮ್ಮ.

"ನಾನು ಮುಚ್ಚಳ ತೆಗೆದು ಗಾಳಿ ಹಾಕಿದ್ದರಿಂದ ಆಯಿತಾ ಸಾಧನಾ? ನೀನು ಪಾಠ ಹೇಳುವವಳು. ಇದ್ದದ್ದು ಹೇಳು."

ಮೂರು ದಿನದಿಂದ ಒಳಗೇ ಇಟ್ಟುಕೊಂಡಿದ್ದಳು. ಶಶಿರಾಜ್ ಮೊದಲು ಅವಳನ್ನು ನೋಡಿದ, ಆಮೇಲೆ ನನ್ನನ್ನು. ಮಕ್ಕಳ ಎದುರು ಒಂದು ತಪ್ಪು ವಾಕ್ಯ ಹೇಳಿದರೆ ಮರುದಿನ ತಿದ್ದಿ ಹೇಳುವವಳು ನಾನು.

ಉತ್ತರ ಕೊಟ್ಟವಳು ವಿಸ್ಮಿತಾ. ಅಪ್ಪನ ಪಕ್ಕ ಕೂತಿದ್ದಳು.

"ಇಲ್ಲ ಅಜ್ಜಿ. ಗಾಳಿ ಹಾಕಿದ್ರೆ ಯಾರಿಗಾದ್ರೂ ತಂಪೇ ಆಗುವುದು. ಅಮ್ಮನಿಗೂ ತಂಪೇ ಆಗಿರ್ತದೆ. ದೊಡ್ಡಮ್ಮನ ಪುಸ್ತಕದಲ್ಲಿ ಉಂಟು."

ಹೇಳುವಾಗ ಅಜ್ಜಿಯನ್ನು ನೋಡಲಿಲ್ಲ. ನನ್ನನ್ನೇ ನೋಡುತ್ತಿದ್ದಳು, ಕಣ್ಣು ಮಿಟುಕಿಸದೆ. ಸರಿ ಉತ್ತರ ಅವಳಿಗೆ ಗೊತ್ತು. ನನಗೆ ಗೊತ್ತು ಅಂತಲೂ ಗೊತ್ತು. ಹನ್ನೆರಡು ವರ್ಷದ ಹುಡುಗಿ.

ಅಮ್ಮ ನನ್ನ ಕಡೆ ತಿರುಗಿ, ಹೌದಾ, ಅಂತ ಕೇಳಿದಳು.

ಹೌದಮ್ಮ, ಅಂದೆ. ಗಾಳಿ ಹಾಕಿದರೆ ತಂಪೇ ಆಗುವುದು.